ಲೇಸರಿಗೆ ಬಂದ ಜ್ವರ

ಮನೆಯಲ್ಲಿ ಒಬ್ಬನೇ ಉಳಿದ ಗಂಡಸು ಮೊದಲು ಅಡುಗೆ ಕಲಿಯುತ್ತಾನೆ, ಅದು ಬೇಸರವಾದ ಮೇಲೆ ಸ್ಕ್ರೂಡ್ರೈವರ್ ಹಿಡಿಯುತ್ತಾನೆ. ನಾನು ಅಡುಗೆಯನ್ನು ಹಾರಿಸಿ ನೇರವಾಗಿ ಸ್ಕ್ರೂಡ್ರೈವರಿಗೆ ಬಂದವನು. ಎರಡು ವರ್ಷದ ಹಿಂದೆ ನನ್ನ ಹೆಂಡತಿ ವಿಜಯಾಗೆ ಇಲ್ಲಿಂದ ಮೂರು ತಾಸು ದೂರದ ಸ್ಯಾನ್ ಡಿಯಾಗೋದ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು, ಮಗಳು ಇಂಚರಾ ಅಲ್ಲಿಯೇ ಹೈಸ್ಕೂಲಿಗೆ ಸೇರಿದಳು. ನನ್ನ ಆಫೀಸು ಎಲ್ ಸೆಗುಂಡೋದಲ್ಲಿ, ಮನೆ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ. ಹೀಗಾಗಿ ನಾನು, ಒಂದು ಫ್ರಿಜ್ಜು ಮತ್ತು ಮೂರು ಬೆಡ್‌ರೂಮುಗಳು ಇಲ್ಲೇ ಉಳಿದೆವು. ವಾರಕ್ಕೊಮ್ಮೆ ಹೋಗಿಬರುವ ಮಾತಾಗಿತ್ತು. ಫ್ರೀವೇ ಟ್ರಾಫಿಕ್ಕಿನ ಕೃಪೆಯಿಂದ ಅದು ಹದಿನೈದು ದಿನಕ್ಕೊಮ್ಮೆಯಾಗಿ, ಆಮೇಲೆ "ಮುಂದಿನ ವಾರ ಖಂಡಿತ ಬರ್ತೀನಿ" ಎಂಬಲ್ಲಿಗೆ ಬಂದು ನಿಂತಿತು.

ಪ್ರತಿ ಸಂಜೆ ಏಳಕ್ಕೆ ಮಗಳಿಗೆ ಫೋನ್ ಮಾಡುತ್ತಿದ್ದೆ. "ಸ್ಕೂಲ್ ಹೆಂಗಿತ್ತವಾ?" "ಫೈನ್." "ಊಟ ಆತೇನು?" "ಯಾ." "ಮತ್ತೇನ್ ವಿಶೇಷ?" "ನಥಿಂಗ್, ಅಪ್ಪಾ." ಮೈಕ್ರೋವೇವಿನಲ್ಲಿ ಅನ್ನ ಬಿಸಿಯಾಗುವಷ್ಟರಲ್ಲಿ ನಮ್ಮ ಸಂಭಾಷಣೆ ಮುಗಿದಿರುತ್ತಿತ್ತು. ಮಕ್ಕಳು ಆ ವಯಸ್ಸಿನಲ್ಲಿ ಹಾಗೇ ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳಿ ಅವರೆಲ್ಲ ತಂತಮ್ಮ ಮಕ್ಕಳಿರುವ ಮನೆಗೆ ಹೋಗುತ್ತಿದ್ದರು.

ಲೇಸರಿನ ಯೋಚನೆ ಬಂದದ್ದು ಆಗಲೇ. ಮರದ ಹಲಗೆಯ ಮೇಲೆ ಕನ್ನಡದಲ್ಲಿ ಮಗಳ ಹೆಸರನ್ನು ಲೇಸರಿನಿಂದ ಸುಟ್ಟು ಬರೆದು, ಅವಳ ಕೋಣೆಯ ಬಾಗಿಲಿಗೆ ಹಾಕಲು ಹುಟ್ಟುಹಬ್ಬಕ್ಕೆ ಕೊಡೋಣ ಎಂದುಕೊಂಡೆ. ವಿಜಯಾಗೆ ಹೇಳಿದೆ. "ಮಗಳ ಹೆಸರು ಸುಡೋದಂತ. ಛಂದ ಮಾತಾಡ್ರಿ ಒಂದೀಟು" ಎಂದಳು. ಆದರೂ ಲೇಸರ್ ಬೆಳಕು ಹುಟ್ಟಿಸುವ, ಬಟಾಣಿ ಕಾಳಿನಷ್ಟು ದೊಡ್ಡದೊಂದು ಡಯೋಡು ತರಿಸಿ, ಅಲ್ಯೂಮಿನಿಯಮ್ ಬಿಲ್ಲೆಗೆ ಕೂರಿಸಿ, ಹಿಂದೊಂದು ಫ್ಯಾನು, ಪಕ್ಕದಲ್ಲಿ ಶಾಖ ಅಳೆಯುವ ಮೀಟರು ಇಟ್ಟು, ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಂಡು ಗರಾಜಿನಲ್ಲಿ ಕೂತೆ. ಈ ಡಯೋಡುಗಳ ಸ್ವಭಾವವೇನೆಂದರೆ, ಕೊಟ್ಟ ಕರೆಂಟಿನಲ್ಲಿ ಒಂದಷ್ಟನ್ನು ಬೆಳಕು ಮಾಡಿ ಉಳಿದದ್ದನ್ನೆಲ್ಲ ಶಾಖ ಮಾಡಿಬಿಡುತ್ತವೆ. ಆ ಶಾಖವನ್ನು ಕೂಡಲೇ ಹೊರಗೆ ಸಾಗಿಸದಿದ್ದರೆ ಮೊದಲು ಬೆಳಕು ಮಂಕಾಗುತ್ತದೆ, ಆಮೇಲೆ ಡಯೋಡು ಸಾಯುತ್ತದೆ. ನನ್ನದು 'ಇಂ' ಬರೆದು 'ಚ'ದ ಹೊಟ್ಟೆಗೆ ಬರುವಷ್ಟರಲ್ಲಿ ಮಂಕಾಯಿತು. ಮೀಟರು ಎಪ್ಪತ್ತು ಡಿಗ್ರಿ ತೋರಿಸುತ್ತಿತ್ತು.

ಉಪಗ್ರಹಗಳ ಪೆಟ್ಟಿಗೆಗಳು ಬಿಸಿಯಾಗದಂತೆ ನೋಡಿಕೊಳ್ಳುವುದೇ ಆಫೀಸಿನಲ್ಲಿ ನನ್ನ ಕೆಲಸ ಎಂಬುದನ್ನು ಹೇಳದೆ ಮುಚ್ಚಿಟ್ಟರೆ ತಪ್ಪಾದೀತು. ಆಕಾಶದಲ್ಲಿ ತಣ್ಣಗಿಡುವವನಿಗೆ ಗರಾಜಿನಲ್ಲಿ ಆಗಲಿಲ್ಲ. ಆ ಸಂಜೆ ಮಗಳು "ನಥಿಂಗ್" ಎಂದ ಮೇಲೆ, ಸುಮ್ಮನೆ ಹೇಳಿದೆ: "ನಂದೂ ಏನಿಲ್ಲ. ಲೇಸರ್ ಎಪ್ಪತ್ತು ಡಿಗ್ರಿಗೆ ಹೋಗ್ಯದ, ಅಷ್ಟ."

"ವೇಟ್. ಸೆವೆಂಟಿ ಸೆಲ್ಸಿಯಸ್?" ಎಂದಳು ಇಂಚರಾ.

ಇಪ್ಪತ್ತು ನಿಮಿಷ ಮಾತಾಡಿದೆವು. ಫ್ಯಾನು ಯಾವ ದಿಕ್ಕಿಗೆ ತಿರುಗುತ್ತದೆ, ಬಿಲ್ಲೆ ಎಷ್ಟು ದಪ್ಪ, ಎಲ್ಲವೂ ಬೇಕು ಅವಳಿಗೆ. ದಿನಾ ಫೋಟೋ ಕಳಿಸಬೇಕೆಂದೂ ಆಜ್ಞೆಯಾಯಿತು. ಆ ದಿನ ಅನ್ನ ತಣ್ಣಗಾಗಿ, ಎರಡನೇ ಸಲ ಬಿಸಿ ಮಾಡಿಕೊಂಡು ಉಂಡೆ. ಅಷ್ಟು ರುಚಿಯಾದ ಅನ್ನ ಆ ಮನೆಯಲ್ಲಿ ಬಹಳ ದಿನದಿಂದ ಉಂಡಿರಲಿಲ್ಲ.

ರೋಗ ಕಂಡುಹಿಡಿದವಳು ವಿಜಯಾ. ಫೋಟೋ ನೋಡಿ, "ಆ ಬಿಳೇದೇನ್ರಿ, ರೊಟ್ಟಿಗೆ ಬೆಣ್ಣಿ ಹಚ್ಚಿದಂಗ ಹಚ್ಚೀರಿ?" ಎಂದಳು. ಅದು ಡಯೋಡಿಗೂ ಬಿಲ್ಲೆಗೂ ನಡುವೆ ಹಚ್ಚುವ ಪೇಸ್ಟು. ಶಾಖ ದಾಟಲು ಅದು ತೆಳ್ಳಗಿರಬೇಕು, ದಪ್ಪವಾದರೆ ಅದೇ ಗೋಡೆಯಾಗುತ್ತದೆ. ನಕ್ಷೆಗಳ ಮೇಲೆ "ತೆಳುವಾಗಿ ಹಚ್ಚಿ" ಎಂದು ವರ್ಷಗಟ್ಟಲೆ ಬರೆದವನು ನಾನು, ಹಚ್ಚುವವರು ಬೇರೆ ಇದ್ದರು. ಸ್ವಂತ ಕೈಗೆ ಟ್ಯೂಬು ಬಂದಾಗ ಧಾರವಾಡದಲ್ಲಿ ಬೆಳೆದ ಈ ಕೈ ಜಿಪುಣತನ ತೋರಿಸಲು ಒಪ್ಪಲಿಲ್ಲ. ಎಲ್ಲ ಒರೆಸಿ, ಉಗುರಿನಿಂದ ಸವರಿದಷ್ಟು ಹಚ್ಚಿದೆ. ಮೀಟರು ಮೂವತ್ತೆಂಟಕ್ಕೆ ಬಂದು ನಿಂತಿತು. ಒಂದೇ ಸಲಕ್ಕೆ 'ಇಂಚರಾ' ಪೂರ್ತಿಯಾಯಿತು.

ಖುಷಿಯಿಂದ ಫೋನ್ ಎತ್ತಿಕೊಂಡ ಮೇಲೆ ಹೊಳೆಯಿತು. ಲೇಸರ್ ಸರಿಹೋಯಿತು ಎಂದರೆ ನಾಳೆ ಏಳು ಗಂಟೆಗೆ ಮತ್ತೆ "ಫೈನ್", "ಯಾ", "ನಥಿಂಗ್". "ವಾಟ್ಸ್ ದ ಟೆಂಪರೇಚರ್ ಟುಡೇ?" ಎಂದಳು ಇಂಚರಾ. "ಎಪ್ಪತ್ತೊಂದು" ಎಂದೆ. ಮೂರು ವಾರ ಹೀಗೇ ನಡೆಯಿತು. ಹಲಗೆ ಬೀರುವಿನಲ್ಲಿ, ಸುಳ್ಳು ಫೋನಿನಲ್ಲಿ. ಫೋಟೋಗಳನ್ನು ಮಾತ್ರ ತಪ್ಪದೆ ಕಳಿಸುತ್ತಿದ್ದೆ.

ಹುಟ್ಟುಹಬ್ಬದ ಶನಿವಾರ ಹಲಗೆಯನ್ನೂ ಲೇಸರನ್ನೂ ಕಾರಿನಲ್ಲಿಟ್ಟುಕೊಂಡು ಸ್ಯಾನ್ ಡಿಯಾಗೋಗೆ ಹೋದೆ. ಇಂಚರಾ ಹಲಗೆ ನೋಡಿ ನಕ್ಕು, ಬಾಗಿಲಿಗೆ ತೂಗುಹಾಕಿ, ಲೇಸರನ್ನು ತನ್ನ ಮೇಜಿನ ಮೇಲೆ ಇಟ್ಟುಕೊಂಡಳು. ನಾನು ಅಡುಗೆಮನೆಗೆ ಹೋಗಿ ವಿಜಯಾ ಮುಂದೆ ತಪ್ಪೊಪ್ಪಿಕೊಂಡೆ.

"ಅಕಿಗೆ ಗೊತ್ತದರಿ" ಎಂದಳು ವಿಜಯಾ, ಒಗ್ಗರಣೆಯಿಂದ ಕಣ್ಣು ತೆಗೆಯದೆ. "ನೀವು ಕಳಿಸಿದ ಫೋಟೋದಾಗ ಮೂಲ್ಯಾಗ ಮೀಟರ್ ಕಾಣ್ತದಲ್ಲ. ದಿನಾ ಮೂವತ್ತೆಂಟು."

"ಮತ್ತ ದಿನಾ ಯಾಕ ಕೇಳ್ತಿದ್ಲು?"

"ನೀವ್ ದಿನಾ ಯಾಕ ಸುಳ್ಳು ಹೇಳ್ತಿದ್ರಿ?"

ಈರುಳ್ಳಿ ಹೆಚ್ಚಿಕೊಡುತ್ತೇನೆಂದು ಚಾಕು ತೆಗೆದುಕೊಂಡೆ, ಕಣ್ಣಿಗೆ ಒಂದು ನೆಪ ಬೇಕಿತ್ತು.

ಭಾನುವಾರ ಮರಳಿ ಬಂದೆ. ಸೋಮವಾರ ಸಂಜೆ ಏಳಕ್ಕೆ ನನ್ನ ಫೋನು ತಾನೇ ಹೊಡೆದುಕೊಂಡಿತು, ಈ ಸಲ ಅವಳೇ ಮಾಡಿದ್ದಳು. "ಅಪ್ಪಾ, ವಾಟ್ಸ್ ದ ಟೆಂಪರೇಚರ್?" ಗರಾಜಿನ ಖಾಲಿ ಮೇಜನ್ನು ಒಮ್ಮೆ ನೋಡಿದೆ.

"ಎಪ್ಪತ್ತೆರಡು" ಎಂದೆ.

"ಓ ನೋ" ಎಂದಳು ಇಂಚರಾ. ಲೇಸರು ಅವಳ ಮೇಜಿನ ಮೇಲೇ ಇತ್ತು.