ಹಾಲು ಕುಡಿದ ಗೋಡೆ

ಹೆಂಡತಿ ಮನೆಯಲ್ಲಿದ್ದರೆ ಗಂಡಸಿಗೆ ಒಂದು ಕಷ್ಟ, ಇಲ್ಲದಿದ್ದರೆ ನೂರೊಂದು. ಮಗಳು ಅಸಿಪಾಳ ಬಾಣಂತನಕ್ಕೆಂದು ಓಶ್‌ಗೆ ಹೋದ ನನ್ನ ಬುರುಲ್, ಹಿಮ ಕರಗಿ ಏಪ್ರಿಕಾಟ್ ಹೂ ಬಿಟ್ಟರೂ ನಮ್ಮೂರು ಕಾರಾ-ಬಾಲ್ಟಾದ ಕಡೆ ಮುಖ ಹಾಕಲಿಲ್ಲ. ನಾನು ಚಹಾ ಕಾಯಿಸಿ, ರೂಢಿಬಲದಿಂದ ಎರಡು ಬಟ್ಟಲಿಗೆ ಸುರಿದು, ಎರಡನ್ನೂ ನಾನೇ ಕುಡಿಯುತ್ತಿದ್ದೆ. (ಎರಡನೆಯದು ಯಾವಾಗಲೂ ಕಹಿ.)

"ಯಾವಾಗ ಬರ್ತೀಯೇ?" ಎಂದು ಫೋನಿನಲ್ಲಿ ಕೇಳಿದರೆ ಒಂದೇ ಉತ್ತರ.

"ಹೊಸ ಕೋಣೆ ಗೋಡೆಗೆ ಗಾರೆ ಆಯ್ತಾ? ಆ ಬೋಳು ಗೋಡೆ ಉದುರಿಸೋ ಪುಡಿ ತಿನ್ನೋಕೆ ನಾನ್ಯಾಕೆ ಬರ್ಲಿ?"

ಅಡುಗೆಮನೆಗೆ ಅಂಟಿಸಿ ಕಟ್ಟಿದ ಆ ಕೋಣೆ ಗ್ಯಾಸ್‌ಬ್ಲಾಕ್ ಎಂಬ ಸಿಮೆಂಟು ಇಟ್ಟಿಗೆಯದು. ಬ್ರೆಡ್ಡಿನ ಹಾಗೆ ಮೈಯೆಲ್ಲ ತೂತು, ಬ್ರೆಡ್ಡಿನ ಹಾಗೆ ಹಗುರ. ನಾನೋ, ಯಾವ ಗುರುವಿನ ಹಂಗೂ ಇಲ್ಲದೆ ಮಣ್ಣು-ಹುಲ್ಲು ತುಳಿದು ಅರ್ಧ ಊರಿನ ಗೋಡೆ ಮೆತ್ತಿದ ಸ್ವಯಂಭೂ ಶಿಲ್ಪಿ!

"ಕನ್ನಡಿ ಥರ ಮಾಡ್ತೀನಿ, ನೋಡ್ತಿರು."

"ಜಂಬ ಆಮೇಲೆ. ಆ ಬ್ಲಾಕು ಗಾರೇಲಿರೋ ನೀರನ್ನೆಲ್ಲ ಹೀರ್ಕೊಳ್ಳುತ್ತೆ. ಮೊದಲು ಅದಕ್ಕೆ ಬಿಳೀದು ಕುಡಿಸಿ. ಅಳಿಯಂದ್ರು ಹಾಗೇ ಮಾಡಿದ್ದು."

"ಬಿಳೀದಾ? ಗೋಡೆಗಾ?"

"ಹೂಂ. ಕೈ ಬಿಗಿ ಹಿಡೀಬೇಡಿ, ಹೊಟ್ಟೆ ತುಂಬ ಕುಡಿಸಿ. ಮಗು ಅಳ್ತಿದೆ, ಇಡ್ತೀನಿ."

ನಮ್ಮಲ್ಲಿ 'ಬಿಳಿಯದು' ಅಂದರೆ ಹಾಲು, ಮೊಸರು, ಮಜ್ಜಿಗೆ. ಮನೆಗೆ ಹಾವು ಹೊಕ್ಕರೂ ಹೊಡೆಯದೆ ಬಿಳಿಯದು ಎರೆದು ಬೀಳ್ಕೊಡುತ್ತೇವೆ. ಹಾವಿಗಿರುವ ಮರ್ಯಾದೆ ಗೋಡೆಗೆ ಬೇಡವೇ? ಬೆಳಗಿನ ಹಾಲನ್ನೆಲ್ಲ ಪೊರಕೆಯಲ್ಲಿ ಅದ್ದಿ ಅದ್ದಿ ಬಳಿದೆ. ರಂಜಾನಿನ ಸಂಜೆ ಉಪವಾಸಿಯೂ ಹಾಗೆ ಕುಡಿಯಲಾರ! ಬಕೆಟ್ ಬರಿದಾಯಿತು, ಗೋಡೆಯ ತುಟಿ ಒದ್ದೆಯಾಗಲಿಲ್ಲ. ಪಕ್ಕದ ಮನೆಯ ಉಮ್ಸುನ್ ಹತ್ತಿರ ಓಡಿದೆ.

"ಇಷ್ಟು ಹಾಲು ಯಾರಿಗಜ್ಜಾ?"

"ಗೋಡೆಗಮ್ಮಾ."

ಆಕೆ ಬಕೆಟ್ ಕೊಟ್ಟು, ನನ್ನ ಮುಖವನ್ನೇ ನೋಡಿದಳು. "ಬುರುಲಜ್ಜೀನ ಬೇಗ ಕರೆಸ್ಕೊಳ್ಳಿ ಅಜ್ಜಾ. ಒಬ್ಬರೇ ಇದ್ದಿದ್ದು ಸಾಕು."

ಅದಕ್ಕೇ ಅಲ್ಲವೇ ಈ ಪಾಡು! ಹಾಲಿನ ಮೇಲೆ ಸಿಮೆಂಟು ಗಾರೆ ಎಳೆದೆ. ಕನ್ನಡಿ! "ಮುಗೀತು, ಬಾ" ಎಂದು ಫೋನಿನಲ್ಲಿ ಕೂಗಿದೆ.

ಅವಳು ಬಸ್ಸು ಹತ್ತಿದ ಹೊತ್ತಿಗೇ ಗೋಡೆಯಿಂದ ಹುಳಿ ವಾಸನೆ ಶುರುವಾಯಿತು. ಕೇರಿಯ ಬೆಕ್ಕುಗಳೆಲ್ಲ ಕೋಣೆಯಲ್ಲಿ ಮಹಾಸಭೆ ಸೇರಿದವು. ಬುರುಲ್ ಗಂಟು ಹಿಡಿದು ಹೊಸ್ತಿಲು ದಾಟಿದ ಮುಹೂರ್ತಕ್ಕೆ ಸರಿಯಾಗಿ, ಗಾರೆ ಗೋಡೆಯುದ್ದಕ್ಕೂ ಕಿತ್ತು ಬಂದು ಅವಳ ಪಾದಕ್ಕೆ ಸಾಷ್ಟಾಂಗ ಬಿತ್ತು.

"ಏನ್ರೀ ಇದು, ಗೋಡೆ ಕರು ಹಾಕಿದ ವಾಸನೆ?"

"ನೀನೇ ಅಲ್ವೇನೇ ಬಿಳೀದು ಕುಡಿಸಿ ಅಂದೋಳು!"

"ಅಯ್ಯೋ ಮುದ್ಕಪ್ಪಾ! ಅಂಗಡೀಲಿ ಡಬ್ಬದಲ್ಲಿ ಮಾರ್ತಾರಲ್ಲ, ಪ್ರೈಮರ್ರು! ಹೆಸರು ನಾಲಿಗೆಗೆ ಬರ್ಲಿಲ್ಲ, ಬಿಳೀದು ಅಂದೆ. ಹಾಲು ಕುಡಿಸಿದ್ರಾ?"

ಬಾಗಿಲ ಚೌಕಟ್ಟು ಹಿಡಿದು ನಕ್ಕಳು. ಚಳಿಗಾಲವಿಡೀ ನಾನು ಹಸಿದದ್ದು ಆ ನಗುವಿಗೇ. ಅದು ನಿಲ್ಲದಿರುವುದಾದರೆ ಉಳಿದ ಮೂರು ಗೋಡೆಗಳನ್ನೂ ಬೀಳಿಸಲು ಸಿದ್ಧನಿದ್ದೆ.

ಆಮೇಲೆ ಇಬ್ಬರೂ ಸೇರಿ ಗೋಡೆ ಕೆರೆದೆವು, ತೊಳೆದೆವು, ಒಣಗಿಸಿದೆವು, ಡಬ್ಬದ ಬಿಳಿಯದನ್ನು ಕುಡಿಸಿದೆವು. ಅವಳು ಬೈಯುತ್ತ ಗಾರೆ ಕಲಸಿ ಕೊಟ್ಟಳು, ನಾನು ಬೈಸಿಕೊಳ್ಳುತ್ತ ಬಳಿದೆ. ಇಷ್ಟು ಸುಖ ಮದುವೆಯ ಹೊಸದರಲ್ಲೂ ಇರಲಿಲ್ಲ. ಒಣಗಿದ ಮೇಲೆ ತಟ್ಟಿ ನೋಡಿದರೆ ಬಂಡೆ! ಇನ್ನೇನು, ನಾನೂ ಅವಳೂ ಈ ಗೋಡೆಗೊರಗಿ... ಎನ್ನುವಷ್ಟರಲ್ಲಿ ಅವಳು ಫೋನೆತ್ತಿಕೊಂಡಳು.

"ಅಸಿಪಾ, ಕೋಣೆ ಬೆಚ್ಚಗಿದೆ ಕಣೇ, ಪುಡಿ ಗಿಡಿ ಏನಿಲ್ಲ. ಮಗೂನ ಎತ್ಕೊಂಡು ಬಂದ್ಬಿಡು. ನಾವು ಮೂರೂ ಜನ ಇಲ್ಲೇ ಮಲಗೋಣ."

"ನಾನು?" ಎಂದೆ.

"ನಿಮ್ಮ ಗೊರಕೆಗೆ ಮಗು ಬೆಚ್ಚಿ ಬೀಳುತ್ತೆ. ನಿಮಗೆ ಅಡುಗೆಮನೆ."

ಈಗ ಗೋಡೆಯ ಆಚೆ ಅವಳು, ಈಚೆ ನಾನು. ಬೋಳಾಗಿದ್ದಾಗ ಬ್ಲಾಕಿನ ಸಂದಿಯಲ್ಲಿ ನೊಣದ ಗುಂಯ್‌ಗಾನವೂ ಕೇಳುತ್ತಿತ್ತು. ಅವಳು ಮಗುವಿಗೆ ಲಾಲಿ ಹಾಡುತ್ತಾಳಂತೆ, ಉಮ್ಸುನ್ ಹೇಳಿದಳು. ನಾನೂ ದಿನಾ ಕಿವಿ ಆನಿಸಿ ನಿಲ್ಲುತ್ತೇನೆ. ಸುಂಯ್ ಎನ್ನುವುದಿಲ್ಲ. ಜೀವಮಾನದಲ್ಲಿ ನಾನು ಯಾವ ಗೋಡೆಯನ್ನೂ ಇಷ್ಟು ಚೆನ್ನಾಗಿ ಬಳಿದಿರಲಿಲ್ಲ.