ಖಾಲಿ ಸಿ.ಡಿ. ತಯಾರಕರಿಗೆ, ಮಾವನವರ ಧ್ವನಿಯ ವಿಷಯವಾಗಿ

ಮಾನ್ಯರೇ,

ತಾವೂ ತಮ್ಮ ಕಾರ್ಖಾನೆಯ ಸಮಸ್ತ ಯಂತ್ರಗಳೂ ಕ್ಷೇಮವೆಂದು ಭಾವಿಸುತ್ತೇನೆ. ತಮ್ಮಂಥ ದೊಡ್ಡವರ ಸಮಯ ಹಾಳುಮಾಡುವ ಧೈರ್ಯ ನನಗಿಲ್ಲ. ಆದರೆ ಸಮಯ ಹಾಳುಮಾಡುವುದರಲ್ಲಿ ನನಗಿರುವ ಕೈಚಳಕವನ್ನು ನಮ್ಮ ಮನೆಯವರೆಲ್ಲ ಒಮ್ಮತದಿಂದ ಒಪ್ಪಿರುವುದರಿಂದ ಈ ಪತ್ರ. ವೃತ್ತಿಯಲ್ಲಿ ನಾನು ಕನ್ನಡಕದ ಅಂಗಡಿಯವನು. ಸಂಗೀತ ಕೇಳುವಾಗ ಕಣ್ಣು ಮುಚ್ಚಿ ತಲೆಯಾಡಿಸುವುದನ್ನು ಕಂಡು ಸ್ನೇಹಿತರು 'ಕಿವಿರಾಯ' ಎಂದು ಕರೆದರು. ಅದನ್ನು ಬಹುಕಾಲ ಬಿರುದೆಂದೇ ತಿಳಿದಿದ್ದೆ.

ನಮ್ಮ ಮಾವನವರು ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕೂಗಿ ಹೇಳುವ ಕೆಲಸದಲ್ಲಿದ್ದವರು. ನಿದ್ದೆಹೋದ ಪ್ರಯಾಣಿಕನನ್ನು ಬೆಂಚಿನಿಂದ ಎಬ್ಬಿಸಿ ಸರಿಯಾದ ಬಸ್ಸಿಗೆ ಹತ್ತಿಸುವಂಥ ಧ್ವನಿ ಅವರದು. ನಿವೃತ್ತಿಯಾದ ಮೇಲೆ ಅವರ ಗಂಟಲಲ್ಲಿ ಗಡ್ಡೆಯೊಂದು ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು. ನನ್ನ ಹೆಂಡತಿ ಆ ಸಂಜೆ ನನ್ನನ್ನು ಪಕ್ಕಕ್ಕೆ ಕರೆದು, "ಅಪ್ಪ ನಮಗೆ ಹೇಳ್ತಿದ್ದ ದಾರಿ ತಪ್ಪಿದ ಬಸ್ಸಿನ ಕಥೆ ಇದೆಯಲ್ಲ, ಅದೊಂದನ್ನ ಅವರ ಬಾಯಲ್ಲೇ ಹಿಡಿದಿಡಿ. ಬೇರೇನೂ ಬೇಡ" ಎಂದಳು. ಗುಂಡಿ ಒತ್ತಿ ಸುಮ್ಮನೆ ಕೂರುವ ಕೆಲಸ. ಯಾರು ಬೇಕಾದರೂ ಮಾಡಬಹುದಿತ್ತು. ದುರದೃಷ್ಟಕ್ಕೆ ಅದು ಬಲ್ಲವನಾದ ನನ್ನ ಪಾಲಿಗೆ ಬಂತು.

ಅಂಗಡಿಗೆ ಹೋದರೆ ತಾವು ಒಂದಲ್ಲ, ಮೂರು ಬಗೆಯ ಡಿಸ್ಕುಗಳನ್ನು ದಯಪಾಲಿಸಿದ್ದಿರಿ: ತಳ ನೀಲಿಯದು, ಹಸಿರಿನದು, ಚಿನ್ನದ ಬಣ್ಣದ್ದು. ಮೂರನ್ನೂ ತಂದು ಹೋಲಿಸಿದೆ. ನೀಲಿಯಲ್ಲಿ ಮಾವನವರ ಧ್ವನಿ ತುಸು ಒದ್ದೆಯಾಗಿತ್ತು. ಹಸಿರಿನಲ್ಲಿ ಮೂಗು ಮುಂದೆ ಬಂದಿತ್ತು. ಚಿನ್ನದಲ್ಲಿ ಬಾವಿಯ ಆಳವಿತ್ತು. ಹೋಲಿಕೆ ನ್ಯಾಯವಾಗಿರಲೆಂದು ಪ್ರತಿ ಡಿಸ್ಕಿಗೂ ಅವರಿಂದ "ಪ್ರಯಾಣಿಕರ ಗಮನಕ್ಕೆ" ಎಂಬ ಮಾತನ್ನೇ ಹೇಳಿಸಿದೆ. ಕಿಟಕಿ ತೆರೆದು ಒಮ್ಮೆ, ಮುಚ್ಚಿ ಒಮ್ಮೆ. ಫ್ಯಾನು ನಿಲ್ಲಿಸಿ ಒಮ್ಮೆ. ಅವರು ಬೆವರೊರೆಸಿಕೊಳ್ಳುತ್ತ ಹೇಳಿದರು. ಹೆಂಡತಿ ನನ್ನ ಕಣ್ಣಿಗೆ ಟವೆಲು ಕಟ್ಟಿ, ಒಂದೇ ಡಿಸ್ಕನ್ನು ಎರಡು ಸಲ ಹಾಕಿದಳು. ಮೊದಲ ಸಲ ಅದು ಒದ್ದೆ ಎಂದೆ. ಎರಡನೆಯ ಸಲ ಬಾವಿ ಎಂದೆ. ಇಷ್ಟಾದರೂ ಎದೆಗುಂದದೆ, ಟವೆಲು ಕಿವಿಗೂ ಅಡ್ಡ ಬಂದಿತ್ತೆಂದು ವಾದಿಸಿ ಪರೀಕ್ಷೆಯನ್ನು ಮುಂದುವರಿಸಿದ ನನ್ನ ನಿಷ್ಠೆಯನ್ನು ತಾವಾದರೂ ಮೆಚ್ಚಬೇಕು.

ಕೊನೆಗೆ ಚಿನ್ನದ ಡಿಸ್ಕೇ ಸೈ ಎಂದು ತೀರ್ಮಾನಿಸಿ, ಮಾವನವರನ್ನು ಕೂರಿಸಿ, "ಈಗ ಕಥೆ ಶುರುಮಾಡಿ" ಎಂದೆ. ಅವರು ಬಾಯಿ ತೆರೆದರು. ಗಾಳಿ ಬಂತು, ಮಾತು ಬರಲಿಲ್ಲ. ಗಂಟಲು ಊದಿಕೊಂಡಿದೆ, ಇನ್ನು ಪಿಸುಮಾತೂ ಕೂಡದು ಎಂದು ಡಾಕ್ಟರು ಫೋನಿನಲ್ಲಿ ಗದರಿದರು. ಮರುದಿನ ಆಪರೇಷನ್ ಆಯಿತು. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಹೆಂಡತಿ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಒಂದು ಮಾತೂ ಆಡಲಿಲ್ಲ. ಆ ಮೌನ ನೀಲಿಯೋ ಹಸಿರೋ ಎಂದು ಹೇಳಬಲ್ಲ ಕಿವಿ ನನಗೆ ಉಳಿದಿರಲಿಲ್ಲ.

ಮಾವನವರು ಚೇತರಿಸಿಕೊಂಡು, ಕತ್ತಿನ ರಂಧ್ರದಲ್ಲಿ ಉಸಿರಾಡುತ್ತ ಮನೆಗೆ ಬಂದರು. ಒಂದು ಮಧ್ಯಾಹ್ನ ಹೆಂಡತಿ, ನಾನು ಮೂಲೆಗೆ ಎಸೆದಿದ್ದ ನೀಲಿ ಡಿಸ್ಕನ್ನು ಹಾಕಿದಳು. "ಪ್ರಯಾಣಿಕರ ಗಮನಕ್ಕೆ" ಎಂದಾದ ಮೇಲೆ ಗುಂಡಿ ಒತ್ತಿ ನಿಲ್ಲಿಸಲು ನಾನು ಮರೆತಿದ್ದೆನೆಂದು ಕಾಣುತ್ತದೆ; ಹೋಲಿಸುವಾಗ ಆ ಮಾತಿನಾಚೆಗೆ ಕೇಳಿದವನೂ ಅಲ್ಲ. ಕೋಣೆ ತುಂಬ ಅವರ ಧ್ವನಿ ಮೊಳಗಿತು: "ಅಳಿಯಂದಿರೇ, ತಲೆ ನೆಟ್ಟಗಿದೆಯಾ ನಿಮಗೆ? ಕಥೆ ಕೇಳ್ತೀರೋ, ಇಲ್ಲ ಇದನ್ನೇ ಹೇಳಿಸ್ತಾ ಕೂರ್ತೀರೋ?" ಆಮೇಲೆ ಕೆಮ್ಮು, ಆಮೇಲೆ ಅವರ ನಗು. ನನ್ನ ಹೆಂಡತಿ ನೆಲದ ಮೇಲೆ ಕುಳಿತು ಅತ್ತಳು. ಮಾವನವರು ಅವಳ ತಲೆ ಸವರಿ, ಇನ್ನೊಂದು ಕೈ ಚಾಚಿ ನನ್ನಿಂದ ರಿಮೋಟ್ ಇಸಿದುಕೊಂಡರು.

ಅದಿನ್ನೂ ವಾಪಸ್ಸು ಬಂದಿಲ್ಲ, ಮಾನ್ಯರೇ. ನಾನು ಸೋಫಾದ ಮೇಲೆ ಕಾಲು ಚಾಚಿದರೆ, ಲೈಟು ಆರಿಸಲು ಮರೆತರೆ, ಆ ವಾಕ್ಯ ಮೊಳಗುತ್ತದೆ. ಬಸ್ಸಿನ ಕಥೆಯನ್ನು ಈಗ ನನ್ನ ಹೆಂಡತಿ ನಮ್ಮ ಮಗಳಿಗೆ ಹೇಳುತ್ತಾಳೆ; ತಪ್ಪಿದಲ್ಲಿ ಮಾವನವರು ಕೈಬೀಸಿ ತಿದ್ದುತ್ತಾರೆ. ಕಥೆ ಹಿಡಿಯದೆ ಹೋದದ್ದಕ್ಕೆ ಅವರು ನನ್ನ ಮೇಲೆ ಒಂದು ದಿನವೂ ಮುನಿದಿಲ್ಲ; ಅದೇ ನನಗೆ ಕಷ್ಟ.

ಆದ್ದರಿಂದ ಬೇಡಿಕೆ ಇಷ್ಟೆ: ಮುಂದೆ ಡಿಸ್ಕು ತಯಾರಿಸುವಾಗ ಬೈಗುಳ ಮಾತ್ರ ಮಸುಕಾಗಿ ಅಚ್ಚಾಗುವಂತೆ ನೋಡಿಕೊಳ್ಳಿ. ಅದಾಗದಿದ್ದರೆ, ಪೊಟ್ಟಣದ ಮೇಲೆ ಕೊಟ್ಟಿರುವ ನೂರು ವರ್ಷದ ಭರವಸೆಯನ್ನು ನೀಲಿಯ ಮಟ್ಟಿಗಾದರೂ ದಯವಿಟ್ಟು ಉಳಿಸಿಕೊಳ್ಳಿ.

ಕಿವಿಯೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ನಂಬಿಕೆಗೆ ಅರ್ಹನಾದ,
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ಮರೆತ ಮಾತು: ಉಳಿದ ಖಾಲಿ ಡಿಸ್ಕುಗಳನ್ನು ತಮಗೇ ಹಿಂದಿರುಗಿಸೋಣವೆಂದಿದ್ದೆ. ಅಷ್ಟರಲ್ಲಿ ಅತ್ತೆಯವರು ಮೈಕಿನ ಮುಂದೆ ಬಂದು ಕುಳಿತರು. ಅಳಿಯನ ಬಗ್ಗೆ ಅವರಿಗೂ ನಾಲ್ಕು ಮಾತು ಹೇಳುವುದಿದೆಯಂತೆ. ಯಾವ ಬಣ್ಣದ್ದಾದರೂ ಸರಿ, ಒಂದು ಡಿಸ್ಕು ಸಾಲುವುದಿಲ್ಲವಂತೆ.