ನಾನ ಗೆದ್ದೆ ಅಂತ ಎಲ್ಲರೂ ಅಂದರು

ಪುಣೆದ ಮಿಲಿಟರಿ ಆಸ್ಪತ್ರಿಯೊಳಗ, ಕೂತು ಆಡೋ ವಾಲಿಬಾಲ್‌ನಾಗ ನಾ ಅಂದ್ರ ಹುಲಿ. ಗಡಿಯಾಗ ಎಡಗಾಲು ಹೋದ ಮ್ಯಾಲ ಮೂಲಿ ಹಿಡಿದಿದ್ದವನ್ನ ಮತ್ತ ಮನಷ್ಯಾನ್ನ ಮಾಡಿದ್ದು ಆ ಆಟ. ನೆಲಕ್ಕ ಕುಂಡಿ ಊರಿ ಕೂತ ದೋಸ್ತರು, ಅವರಿಗೂ ಕೈಯೋ ಕಾಲೋ ಇಲ್ಲ, ಗಿಡ್ಡ ನೆಟ್ಟಿನ ಆಚಿಂದ ಬೈದಬೈದು ಚೆಂಡು ಬಾರಸತಿದ್ದರು. ಒಬ್ಬರಿಗೂ ಕರುಣಾ ಇರಲಿಲ್ಲ. ಆಹಾ, ಏನ್ ಸುಖ!

ನಮ್ಮೂರು ರಾಜೇಶ್ವರಕ್ಕ ತಿರುಗಿ ಬಂದೆ ನೋಡ್ರಿ, ಊರ ತುಂಬ ಕರುಣಾ. ನಾ ಹೋದ್ರ ಕಟ್ಟಿ ಮ್ಯಾಲಿನ ಹರಟಿ ನಿಂತು, ಎಲ್ಲರೂ ಎದ್ದು ಜಾಗ ಬಿಡತಿದ್ದರು. ಅಷ್ಟು ದೊಡ್ಡ ಜಾಗದಾಗ ನಾ ಒಬ್ಬನ ಕೂಡತಿದ್ದೆ. ಬಾಳ ಬ್ಯಾಸರ ಆಗತಿತ್ತು.

ಊರಾಗ ಒಂದು ಟೀಮ್ ಕಟ್ಟೇ ತೀರತೀನಿ ಅಂತ ಹುಮನಾಬಾದಿಗೆ ಹೋಗಿ ನೆಟ್ಟು, ಚೆಂಡು ತಂದೆ. ಐತವಾರ ಮುಂಜಾನೆ ನಮ್ಮ ಅಂಗಳಕ್ಕ ಬಂದು, ನೆಲದ ಮ್ಯಾಲ ಎದುರುಬದುರು ಸಾಲಾಗಿ ಕೂಡ್ರಿ ಅಂತ ಓಣಿಗೆಲ್ಲ ಹೇಳಿದೆ.

ನಮ್ಮ ಕಡಿ ಮಂದಿ ಹಂಗ ಕೂಡೋದು ಊಟದ ಪಂಗತಿಗಷ್ಟ. ಫೌಜಿ ಬದುಕಿ ಬಂದಾನ, ಹರಕಿ ತೀರಸಾಕತ್ತಾನ ಅಂತ ತಂಬಗಿ ಸಮೇತ ಇಡೀ ಓಣಿನ ಬಂತು. ನನ್ನ ಹೆಂಡತಿ ಮಹಾದೇವಿ ಕಿಡಕಿಯಿಂದ ನೋಡಿ, “ಏನ್ ಬಡಸಲಿ? ನಿಮ್ಮ ಚೆಂಡು ಕುದಸಲೇನು?” ಅಂದಳು.

ಅಂತೂ ಹುಗ್ಗಿ ಆತು. ಎಲ್ಲರೂ ಉಂಡು ಕೈ ತೊಳಕೊಂಡ ಮ್ಯಾಲ ನಾ ಸೇನಾಪತಿ ಗತ್ತಿನಿಂದ ಆಟದ ಕಾಯ್ದೆ ಸಾರಿದೆ. ಪಾಪ, ಕೂತರು. ಚೆಂಡು ಹೊಡೆದೆ. ಒಬ್ಬರೂ ಮುಟ್ಟಲಿಲ್ಲ. ಬಿದ್ದ ಚೆಂಡಿಗೆ ಚಪ್ಪಾಳಿ ತಟ್ಟಿದರು. ಮತ್ತ ಹೊಡೆದೆ. ಮತ್ತ ಚಪ್ಪಾಳಿ!

ಎದುರು ಸಾಲಿನಾಗ ಕೂತಿದ್ದ ಬಾಜೂಮನಿ ಶಿವಪ್ಪ ಕಾಕಾಗ ಕೈ ಮುಗಿದೆ. “ಕಾಕಾ, ಒಂದ ಸಲ ತಿರುಗಿ ಹೊಡೀರಿ. ಜೋರಾಗಿ.”

“ದೇಶಕ್ಕ ಕಾಲು ಕೊಟ್ಟಾವಗ ಹ್ಯಾಂಗ ಹೊಡೀಲೋ ತಮ್ಮಾ? ನೀನ ಗೆದ್ದಿ ಬಿಡು” ಅಂದ ಕಾಕಾ. ನನಗ ಶಾಲು ಹೊದಿಸಿ, ಕೈಯಾಗ ತೆಂಗಿನಕಾಯಿ ಇಟ್ಟು, ಎಲ್ಲರೂ ಹೋದರು.

ಖಾಲಿ ಅಂಗಳದಾಗ ಗೆದ್ದಾವ ಒಬ್ಬನ ಉಳದೆ. ಸಿಟ್ಟು ತಡಿಲಾರದ, ಚೆಂಡು ಗ್ವಾಡಿಗೆ ಬಾರಿಸಿದೆ. ಅದು ಸೀದಾ ತಿರುಗಿ ಬಂದು ನನ್ನ ಮೂಗಿಗೆ ಬಡೀತು. ಕಣ್ಣಾಗ ನೀರು ಬಂತು. ಮಹಾದೇವಿ ಓಡಿ ಬಂದು, ಯಾಕ ಅಳಾಕತ್ತೀರಿ ಅಂತ ಕೇಳಿದಳು. ಮೂಗು ನೋಯಾಕತ್ತದ ಅಂದೆ.

ಈಗ ದಿನಾ ಸಂಜಿಕಿ ಗ್ವಾಡಿ ಜೋಡಿನ ಆಡತೀನಿ. ಊರಾಗ ನನ್ನ ಮರ್ಯಾದಿ ನೋಡದ ಹೊಡ್ಯಾಂವ ಅವ ಒಬ್ಬನ. ದಿನಾ ಸೋಲತೀನಿ.